ಸುಪೀರಿಯರ್ ಪ್ಲಮ್ ಗಿಡ: ಒಂಟಿಯಾಗಿ ತಂದರೆ ಬರೀ ಹೂವು

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಮರಕ್ಕೆ ಐದಕ್ಕೆ ಐದು. ಅದರ ಕೊಂಬೆಗೆ ಕಟ್ಟಿದ್ದ ಚೀಟಿಗೆ ಐದಕ್ಕೆ ಒಂದು.

ನಮ್ಮ ಮನೆ ಇರುವುದು ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್‌ನಿಂದ ಪಶ್ಚಿಮಕ್ಕೆ. ಜೇಡಿಮಣ್ಣು. ಉತ್ತರದ ಗಾಳಿಗೆ ಅಡ್ಡ ನಿಲ್ಲುವ ಒಂದು ಬೇಲಿಯೂ ಇಲ್ಲ. 2016ರ ಏಪ್ರಿಲ್ ಕೊನೆಯಲ್ಲಿ ಒಂದು ನರ್ಸರಿಯಿಂದ 42 ಡಾಲರ್ ಕೊಟ್ಟು ಈ ಗಿಡ ತಂದೆ. ಮಣ್ಣಿಲ್ಲದ ಬರೀ ಬೇರಿನ ಗಿಡ, ನನ್ನ ಭುಜದೆತ್ತರ, ನೋಡಲು ಕೊಡೆಯ ಕಡ್ಡಿಯ ಹಾಗಿತ್ತು. ಚೀಟಿಯಲ್ಲಿ ದೊಡ್ಡ ಕೆಂಪು ಹಣ್ಣಿನ ಚಿತ್ರ, ಕೆಳಗೆ 'ಸುಪೀರಿಯರ್' ಎಂಬ ಜಂಬದ ಹೆಸರು, 'ವಲಯ 4', ಅಂದರೆ ನಮ್ಮಂಥ ಕಡುಚಳಿಯ ಕಡೆಯೂ ಬದುಕುತ್ತದೆ ಎಂಬ ಭರವಸೆ. ಅದರ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ, ಇನ್ನೊಂದು ಪ್ಲಮ್ ಮರ ಹತ್ತಿರದಲ್ಲಿರಬೇಕು ಅಂತ ಇತ್ತು.

ಅದನ್ನು ಓದಿದ್ದೆ, ಇಲ್ಲ ಅನ್ನುವುದಿಲ್ಲ. ದುಡ್ಡು ಕೊಡುವಾಗ ಅಲ್ಲಿದ್ದ ಹುಡುಗನನ್ನು ಕೇಳಿದೆ. ಮನೆಯಲ್ಲಿ ಮೌಂಟ್ ರಾಯಲ್ ಅನ್ನುವ ನೀಲಿ ಪ್ಲಮ್ ಇದೆ, ಅದು ಸಾಕಾ ಅಂತ. ಸಾಕು, ಪ್ಲಮ್ ಅಂದ್ರೆ ಪ್ಲಮ್ಮೇ ಅಲ್ವಾ ಅಂದ. ನಾನೂ ನಂಬಿದೆ.

2018ರ ಮೇ ತಿಂಗಳಲ್ಲಿ ಮೊದಲ ಹೂವು. ಎಲೆ ಬರುವ ಮೊದಲೇ ಕಡ್ಡಿ ಕಾಣದ ಹಾಗೆ ಬಿಳಿ ಹೂವು. ಎರಡು ವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಅದರ ಕೆಳಗೇ ನಿಲ್ಲುತ್ತಿದ್ದೆ. ಜೂನ್‌ನಲ್ಲಿ ನೋಡಿದರೆ ಒಂದು ಹೀಚೂ ಇಲ್ಲ.

ಆಮೇಲೆ 2019ರ ಜನವರಿ ಬಂತು. 30ನೇ ತಾರೀಖು ಮಿನಿಯಾಪೊಲಿಸ್ ವಿಮಾನ ನಿಲ್ದಾಣದಲ್ಲಿ ಸೊನ್ನೆಗಿಂತ 28 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಇಳಿಯಿತು. ಸೆಲ್ಸಿಯಸ್‌ನಲ್ಲಿ ಮೈನಸ್ 33. ಶಾಲೆ ರಜೆ, ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ, ಬಾಗಿಲ ಹಿಡಿಯ ಒಳಮೈಗೂ ಹಿಮ ಕಟ್ಟಿತ್ತು. ಹಿತ್ತಲಿನ ಗುಲಾಬಿಗಳು ಸತ್ತವು. ಈ ಗಿಡವೂ ಹೋಯಿತು ಅಂದುಕೊಂಡೆ. ಮೇ ತಿಂಗಳಲ್ಲಿ ನೋಡಿದರೆ ತುದಿಯ ಕಡ್ಡಿಯವರೆಗೂ ಹೂವು. ಚಳಿ ತಡೆಯುತ್ತದೆ ಎಂದು ಚೀಟಿ ಹೇಳಿದ್ದು ಅಪ್ಪಟ ನಿಜ.

ಆ ಮೇನಲ್ಲಿ ಅಮ್ಮ ಇಲ್ಲಿದ್ದರು. ಕಿಟಕಿಯಿಂದ ದಿನಾ ನೋಡುತ್ತಿದ್ದವರು ಒಂದು ದಿನ ಕೇಳಿದರು, "ಇಷ್ಟು ಹೂ ಬಿಡುತ್ತಲ್ಲೇ, ಹೋದ ವರ್ಷ ಒಂದು ಕಾಯೂ ಆಗಲಿಲ್ಲ ಅಂದೆ. ಗಂಡು ಪರಂಗಿ ಥರ ಏನಾದ್ರೂ ಇದೆಯಾ ನೋಡು."

"ಪ್ಲಮ್‌ನಲ್ಲಿ ಹಾಗಿಲ್ಲಮ್ಮ, ಒಂದೇ ಹೂವಲ್ಲಿ ಗಂಡೂ ಹೆಣ್ಣೂ ಎರಡೂ ಇರುತ್ತೆ."

"ಹಾಗಾದ್ರೆ ಜೋಡಿ ಸರಿಯಿಲ್ಲ. ಯಾವ ಮನೆತನದ್ದು ಅಂತ ವಿಚಾರಿಸಿದ್ಯಾ?"

ತಮಾಷೆಗೆ ಹೇಳಿದ್ದು. ಆದರೆ ಆ ರಾತ್ರಿ ಸುಮ್ನೆ ಕುಳಿತು ಈ ಮರದ ಮನೆತನ ಹುಡುಕಿದೆ. ಚೀಟಿಯಲ್ಲಿ ಇರಬೇಕಿದ್ದುದೆಲ್ಲ ಅಲ್ಲಿ ಸಿಕ್ಕಿತು.

ಸುಪೀರಿಯರ್ ತಳಿಯನ್ನು ಹೊರತಂದದ್ದು ಮಿನೆಸೋಟ ವಿಶ್ವವಿದ್ಯಾಲಯ, 1933ರಲ್ಲಿ. ಅವರ ಹಣ್ಣಿನ ತಳಿ ಕೇಂದ್ರ 1908ರಲ್ಲಿ ಎಕ್ಸೆಲ್ಸಿಯರ್ ಊರಿನ ಪಕ್ಕ ಶುರುವಾಯಿತು. ಈಗ ಅದು ಚಾನ್‌ಹ್ಯಾಸನ್‌ನ ಆರ್ಬೊರೀಟಮ್ ಎಂಬ ಮರಗಿಡಗಳ ತೋಟದ ಜೊತೆ ಸೇರಿಕೊಂಡಿದೆ. ನಗು ಬಂದದ್ದು ಏನಕ್ಕೆ ಅಂದರೆ, ಪ್ರತಿ ಸೆಪ್ಟೆಂಬರ್ ನಾವು ಹೆದ್ದಾರಿ ಪಕ್ಕದ ಅವರ ಮಳಿಗೆಗೇ ಸೇಬು ತರಲು ಹೋಗುವುದು. 1991ರಲ್ಲಿ ಬಂದ ಹನಿಕ್ರಿಸ್ಪ್ ಸೇಬು ಅವರದ್ದೇ. ನನ್ನ ಮರದ ತವರುಮನೆ ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಅದು ಗೊತ್ತಿಲ್ಲದೆ ವರ್ಷಗಟ್ಟಲೆ ಅದರ ಮುಂದೆಯೇ ಓಡಾಡಿದ್ದೇನೆ.

ತಾಯಿ ಬರ್ಬ್ಯಾಂಕ್ ಎಂಬ ಪ್ಲಮ್. 1885ರಲ್ಲಿ ಕ್ಯಾಲಿಫೋರ್ನಿಯಾದ ಲೂಥರ್ ಬರ್ಬ್ಯಾಂಕ್ ಜಪಾನಿನಿಂದ ಪ್ಲಮ್ ಸಸಿಗಳನ್ನು ತರಿಸಿದ್ದರು. ಅವುಗಳಲ್ಲಿ ಒಂದಕ್ಕೆ ಅವರ ಹೆಸರೇ ಬಂತು. ಹಣ್ಣು ದೊಡ್ಡದು, ಗಟ್ಟಿ, ಸಿಹಿ. ಆದರೆ ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಸುಖವಾಗಿ ಬೆಳೆಯುವ ಆ ಮರವನ್ನು ನಮ್ಮ ಚಳಿಗೆ ತಂದು ನಿಲ್ಲಿಸಿದರೆ ಬದುಕುವುದು ಕಷ್ಟ.

ತಂದೆ ಕಾಗಾ. ನನಗೆ ಇಷ್ಟವಾದ ಕಥೆ ಇದರದ್ದು. ಇದನ್ನು ಮಾಡಿದವರು ನೀಲ್ಸ್ ಹ್ಯಾನ್ಸನ್. 1866ರಲ್ಲಿ ಡೆನ್ಮಾರ್ಕ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದು, 1895ರಲ್ಲಿ ಸೌತ್ ಡಕೋಟದ ಬ್ರೂಕಿಂಗ್ಸ್‌ನ ಕೃಷಿ ಕಾಲೇಜು ಸೇರಿದವರು. ಗಾಳಿಗೆ ಒಂದು ಮರವೂ ಅಡ್ಡ ನಿಲ್ಲದ ಬಯಲು ಅದು. ಅಲ್ಲಿ ನೆಲೆಸಿದ ರೈತರು ಊರಿಂದ ತಂದ ಹಣ್ಣಿನ ಗಿಡಗಳು ಒಂದೆರಡು ಚಳಿಗಾಲಕ್ಕೇ ಸುಟ್ಟುಹೋಗುತ್ತಿದ್ದವು. 1897ರಲ್ಲಿ ಅಮೆರಿಕ ಸರ್ಕಾರದ ಕೃಷಿ ಇಲಾಖೆ ಚಳಿ ತಡೆಯುವ ಗಿಡ ಹುಡುಕಲು ಹ್ಯಾನ್ಸನ್‌ರನ್ನು ರಷ್ಯಾಕ್ಕೆ ಕಳಿಸಿತು. ಸೈಬೀರಿಯಾದ ಹಿಮದಲ್ಲಿ ಜಾರುಬಂಡಿಯ ಮೇಲೂ ಓಡಾಡಿ ಮೂಟೆಗಟ್ಟಲೆ ಬೀಜ ತಂದರು.

ಪ್ಲಮ್ ವಿಷಯದಲ್ಲಿ ಮಾತ್ರ ಅವರಿಗೆ ಬೇಕಾದ ಗಟ್ಟಿತನ ಕಾಲ ಬುಡದಲ್ಲೇ ಇತ್ತು. ಹೊಳೆ ದಡದಲ್ಲಿ, ರಸ್ತೆ ಅಂಚಿನಲ್ಲಿ ಪೊದೆಯಾಗಿ ಬೆಳೆಯುವ ಮುಳ್ಳಿನ ಕಾಡು ಪ್ಲಮ್. ಹಣ್ಣು ಗೋಲಿಯಷ್ಟು, ಸಿಪ್ಪೆ ಒಗರು. ಯಾವ ಚಳಿಗೂ ಜಗ್ಗದು. ಹ್ಯಾನ್ಸನ್ ಇದನ್ನು ಸೈಮನ್ ಪ್ಲಮ್ ಜೊತೆ ಕೂಡಿಸಿದರು. ಅದು ಉತ್ತರ ಚೀನಾದ್ದು, ನೋಡಲು ಏಪ್ರಿಕಾಟ್ ಹಾಗೆ ಚಪ್ಪಟೆ, ಘಮ ಜೋರು. 1860ರ ದಶಕದಲ್ಲಿ ಯೂಜೀನ್ ಸೈಮನ್ ಎಂಬ ಫ್ರೆಂಚ್ ಕಾನ್ಸುಲ್ ಅದರ ಬೀಜವನ್ನು ಪ್ಯಾರಿಸ್‌ಗೆ ಕಳಿಸಿದ್ದರಿಂದ ಈ ಹೆಸರು. ಈ ಸಂಬಂಧದಿಂದ ಹುಟ್ಟಿದ ತಳಿಗಳು ಹ್ಯಾನ್ಸ್ಕಾ, ಕಾಗಾ ಮತ್ತು ಟೋಕಾ. ಹ್ಯಾನ್ಸನ್ ತಮ್ಮ ಎಷ್ಟೋ ತಳಿಗಳಿಗೆ ಅಲ್ಲಿನ ಮೂಲನಿವಾಸಿಗಳ ಡಕೋಟ ಭಾಷೆಯ ಪದಗಳನ್ನೇ ಹೆಸರಾಗಿಟ್ಟರು. ಅವರ ಇನ್ನೊಂದು ಹೈಬ್ರಿಡ್ ಸಾಪಾ. ಆ ಭಾಷೆಯಲ್ಲಿ ಸಾಪಾ ಅಂದರೆ ಕಪ್ಪು. ಅದರ ಹಣ್ಣು ಒಳಗೂ ಕಡುನೇರಳೆ. 'ಸುಪೀರಿಯರ್' ಅನ್ನುವ ಮಾರಾಟದ ಹೆಸರಿಗಿಂತ ಅದು ಎಷ್ಟೋ ಚೆನ್ನ.

ಅಂದರೆ ನನ್ನ ಮರದ ಒಳಗೆ ಜಪಾನ್, ಚೀನಾ ಮತ್ತು ಇಲ್ಲಿನ ಕಾಡು, ಮೂರೂ ಇವೆ. ಗೊತ್ತಾದ ಮೇಲೆ ಹಣ್ಣು ತಿಂದರೆ ಒಂದೊಂದಾಗಿ ನಾಲಿಗೆಗೆ ಸಿಗುತ್ತವೆ. ಗಾತ್ರ, ರಸ ಅಜ್ಜಿ ಮನೆಯ ಜಪಾನಿನದು. ಮೂಗಿಗೆ ಬಡಿಯುವ ಪರಿಮಳ ಚೀನಾದ್ದು. ಸಿಪ್ಪೆಯ ಒಗರು ಮತ್ತು ಗೊರಟಿನ ಸುತ್ತಲಿನ ಹುಳಿ ಕಾಡಿನದು.

ಈಗ ಮೌಂಟ್ ರಾಯಲ್ ವಿಷಯ. ಅದು ಕ್ವಿಬೆಕ್ ಕಡೆಯ ತಳಿ, ಆದರೆ ಜಾತಿಯಲ್ಲಿ ಯುರೋಪಿನ ಪ್ಲಮ್. ಯುರೋಪಿನ ಪ್ಲಮ್‌ಗೆ 48 ಕ್ರೋಮೋಸೋಮ್. ಜಪಾನ್ ಮತ್ತು ಅಮೆರಿಕದ ಪ್ಲಮ್‌ಗಳಿಗೆ 16. ಈ ಲೆಕ್ಕ ಹೊಂದದ್ದರಿಂದ, ಎರಡೂ ಪಕ್ಕಪಕ್ಕದಲ್ಲಿ ಹೂ ಬಿಟ್ಟು, ಜೇನು ಅಲ್ಲಿಂದಿಲ್ಲಿಗೆ ಹಾರಿದರೂ ಕಾಯಿ ಕಟ್ಟುವುದಿಲ್ಲ. ಸುಪೀರಿಯರ್‌ಗೆ ತನ್ನ ಪರಾಗವೂ ಆಗದು. ಇಂಥ ಹೈಬ್ರಿಡ್‌ಗಳ ಪರಾಗ ಎಷ್ಟೋ ಸಲ ಒಂದಕ್ಕೊಂದು ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಇನ್ನೊಂದು ಹೈಬ್ರಿಡ್ ತಂದರೂ ಗ್ಯಾರಂಟಿ ಇಲ್ಲ. ಕೈ ಹಿಡಿಯುವುದು ಕಾಡು ಪ್ಲಮ್, ಇಲ್ಲವೇ ಹೈಬ್ರಿಡ್ ಆದರೂ ಟೋಕಾ.

ಟೋಕಾ ಅಂದರೆ ಕಾಗಾನ ಒಡಹುಟ್ಟು ಅಲ್ವಾ? ಕಾಗಾ ನನ್ನ ಮರದ ಅಪ್ಪ. ಅಮ್ಮನಿಗೆ ಹೇಳಿದೆ, ಇದಕ್ಕೆ ಗೊತ್ತಾಗಿರುವ ವರ ಇದರ ಚಿಕ್ಕಪ್ಪ ಅಂತ. "ಸೋದರಮಾವ ಆಗಿದ್ರೆ ಒಪ್ಪಬಹುದಿತ್ತು. ಚಿಕ್ಕಪ್ಪನಾ? ಥೂ!" ಅಂತ ಸೆರಗು ಬಾಯಿಗೆ ಹಿಡಿದು ನಕ್ಕರು.

ಆದರೆ ಹೂವು ಆಗಲೇ ಅರಳಿತ್ತು, ಇನ್ನು ನಾಲ್ಕೈದು ದಿನ ಮಾತ್ರ. ಹಿಂದಿನ ಬೀದಿಯ ಅಜ್ಜನ ಜಾಗದ ಅಂಚಿನಲ್ಲಿ ಕಾಡು ಪ್ಲಮ್ ಪೊದೆ ಇದೆ. ಅವರನ್ನು ಕೇಳಿ ಹೂಬಿಟ್ಟ ನಾಲ್ಕು ಕೊಂಬೆ ಕತ್ತರಿಸಿಕೊಂಡು ಬಂದೆ. ಕೈಗೆಲ್ಲ ಮುಳ್ಳು ಗೀರು. ಬಕೆಟ್‌ನಲ್ಲಿ ನೀರು ತುಂಬಿ, ಕೊಂಬೆ ಇಟ್ಟು, ಬಕೆಟ್ಟನ್ನು ಸುಪೀರಿಯರ್‌ನ ದಕ್ಷಿಣದ ಕವಲಿಗೆ ನೇತುಹಾಕಿದೆ. ಮನೆಯವರು ವರಾಂಡದಿಂದ ನೋಡಿ ಏನೂ ಹೇಳಲಿಲ್ಲ. ಏನೂ ಹೇಳದೆ ಇದ್ದದ್ದೇ ಅವರ ಅಭಿಪ್ರಾಯ.

ಆ ವರ್ಷ 61 ಹಣ್ಣು ಬಿಟ್ಟವು. ಎಣಿಸಿದ್ದೇನೆ. ಹೆಚ್ಚಿನವೆಲ್ಲ ದಕ್ಷಿಣದ ಕಡೆ.

2020ರಲ್ಲಿ ಟೋಕಾ ತಂದು ಇಪ್ಪತ್ತು ಅಡಿ ದೂರದಲ್ಲಿ ನೆಟ್ಟೆ. ಅದು ಹೂ ಬಿಡುವವರೆಗೆ ಪ್ರತಿ ಮೇ ಬಕೆಟ್ ಸೇವೆ ನಡೆಯಿತು. 2022ರಿಂದ ಅದರ ಕೆಲಸ ಅದೇ ಮಾಡಿಕೊಳ್ಳುತ್ತಿದೆ. ಟೋಕಾ ಹಣ್ಣು ಚಿಕ್ಕದು, ಆದರೆ ಬಾಯಿಗಿಟ್ಟರೆ ಬಬಲ್‌ಗಮ್ ವಾಸನೆ. ಮಕ್ಕಳಿಗೆ ಅದೇ ಜಾಸ್ತಿ ಇಷ್ಟ.

ಸುಪೀರಿಯರ್ ಹಣ್ಣಿನ ಬಗ್ಗೆ ಹೇಳುವುದು ಬಾಕಿ ಇದೆ. ನಮ್ಮಲ್ಲಿ ಆಗಸ್ಟ್ ಎರಡನೇ ಅರ್ಧದಲ್ಲಿ ಹಣ್ಣಾಗುತ್ತದೆ. ತುದಿ ಸ್ವಲ್ಪ ಚೂಪು, ಕಡುಗೆಂಪು ಸಿಪ್ಪೆಯ ಮೇಲೆ ಕಂದು ಚುಕ್ಕಿ, ಒಳಗೆ ಹಳದಿ. ಅಂಗಡಿಯ ಪ್ಲಮ್ ಹಾಗೆ ಗಟ್ಟಿಯಿದ್ದಾಗ ಕಿತ್ತರೆ ಹುಳಿ ಮಾತ್ರ ಸಿಗುತ್ತದೆ. ಕೈಯಲ್ಲಿ ಹಿಡಿದರೆ ಮೆತ್ತಗೆ ಅನ್ನಿಸಬೇಕು, ತೊಟ್ಟು ತಾನಾಗಿ ಬಿಡಬೇಕು. ಆಗ ಸಿಪ್ಪೆ ಬೆರಳಲ್ಲೇ ಸುಲಿಯುತ್ತದೆ. ಬಾಗಿ ನಿಂತು ತಿನ್ನಿ, ಇಲ್ಲದಿದ್ದರೆ ಅಂಗಿ ಹೋಯಿತು. ಗೊರಟು ತಿರುಳಿಗೆ ಅಂಟಿಕೊಂಡಿರುತ್ತದೆ, ಅದೊಂದು ಕಿರಿಕಿರಿ. ಸಿಪ್ಪೆಯನ್ನು ನಾನು ಬಿಸಾಡುವುದಿಲ್ಲ. ಆ ಒಗರು ಹುಳಿಗೆ ಬೆಲ್ಲ, ಮೆಣಸಿನಪುಡಿ ಹಾಕಿ ಕುದಿಸಿದರೆ ಒಳ್ಳೆ ಗೊಜ್ಜು.

ತೊಂದರೆಗಳೂ ಇವೆ. 2023ರಲ್ಲಿ ಎಷ್ಟು ಕಾಯಿ ಬಿಟ್ಟಿತೆಂದರೆ, ಒಂದು ರಾತ್ರಿ ಟಪ್ ಎಂದು ಸದ್ದು. ಬೆಳಗ್ಗೆ ನೋಡಿದರೆ ದೊಡ್ಡ ಕವಲು ಸೀಳಿ ನೆಲಕ್ಕೆ ಬಿದ್ದಿತ್ತು. ಈ ತಳಿಗೆ ಆಸೆ ಜಾಸ್ತಿ, ತಾಳಿಕೊಳ್ಳುವಷ್ಟು ಮಾತ್ರ ಹೊರಬೇಕು ಅನ್ನುವ ಲೆಕ್ಕ ಇಲ್ಲ. ಜೂನ್‌ನಲ್ಲಿ ಗೇಣಿಗೆ ಒಂದೆರಡು ಉಳಿಸಿ ಬಾಕಿ ಹೀಚು ಕಿತ್ತು ಹಾಕಬೇಕು. ಮನಸ್ಸು ಬರುವುದಿಲ್ಲ, ಆದರೂ ಕೀಳಿ.

ಇನ್ನೊಂದು ಮೂತಿ ಹುಳು. ಹೀಚಿನ ಮೇಲೆ ಅರ್ಧಚಂದ್ರದ ಗೀರು ಕಂಡರೆ ಅದು ಮೊಟ್ಟೆ ಇಟ್ಟಿದೆ ಎಂದರ್ಥ. ಮುಂಜಾನೆ ತಂಪಲ್ಲಿ ಮರದ ಕೆಳಗೆ ಹಳೆ ಬೆಡ್‌ಶೀಟ್ ಹಾಸಿ ಕೊಂಬೆ ಅಲ್ಲಾಡಿಸಿದರೆ ಹುಳುಗಳು ಸತ್ತಂತೆ ನಟಿಸುತ್ತಾ ಉದುರುತ್ತವೆ. ಸೋಪಿನ ನೀರಿಗೆ ಹಾಕುತ್ತೇನೆ. ಮಳೆ ಹಿಡಿದ ಆಗಸ್ಟ್‌ನಲ್ಲಿ ಹಣ್ಣು ಕಂದಾಗಿ ಕೊಳೆಯುವ ರೋಗವೂ ಬರುತ್ತದೆ. ಒಣಗಿ ನೇತಾಡುವ ಹಣ್ಣನ್ನು ಚಳಿಗೆ ಮುಂಚೆ ತೆಗೆಯದಿದ್ದರೆ ಮುಂದಿನ ವರ್ಷದ ರೋಗ ಅಲ್ಲೇ ಕಾದಿರುತ್ತದೆ.

'ವಲಯ 4' ಎಂಬ ಮಾತನ್ನೂ ಸರಿಯಾಗಿ ಅರ್ಥ ಮಾಡಿಕೊಳ್ಳಿ. ಅದು ಮಲಗಿರುವ ಮರದ ಮಾತು, ಅರಳಿದ ಹೂವಿನದ್ದಲ್ಲ. ಜನವರಿಯಲ್ಲಿ ಸೊನ್ನೆಗಿಂತ 28 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿನ ಚಳಿಯನ್ನು ನಿದ್ದೆಯಲ್ಲೇ ಕಳೆದ ಇದೇ ಮರದ ಹೂವು, ಮೇನಲ್ಲಿ ಸೊನ್ನೆಗಿಂತ 28 ಡಿಗ್ರಿ ಫ್ಯಾರನ್‌ಹೀಟ್ ಮೇಲಿದ್ದರೂ ಸಾಯಲು ಶುರುವಾಗುತ್ತದೆ. ಅದು ಸೆಲ್ಸಿಯಸ್‌ನಲ್ಲಿ ಮೈನಸ್ 2 ಅಷ್ಟೇ. ಒಂದು ವರ್ಷ ಮೇ ಎರಡನೇ ವಾರದ ಒಂದೇ ರಾತ್ರಿಗೆ ಮುಕ್ಕಾಲು ಫಸಲು ಹೋಯಿತು. ಮರುದಿನ ಹೂವು ಹೊರಗೆ ಬೆಳ್ಳಗೇ ಇತ್ತು. ಬಿಡಿಸಿ ನೋಡಿದರೆ ನಡುವೆ ಕಪ್ಪು.

ಬುಡದಿಂದ ಮುಳ್ಳಿನ ಚಿಗುರು ಎದ್ದರೆ ಕಿತ್ತುಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅದು ಕಸಿಯ ಕೆಳಗಿನ ಬೇರಿನದು, ನನ್ನ ಗಿಡದ್ದು ಕಾಡು ಪ್ಲಮ್ ಬೇರು. ನಾನು ಒಂದನ್ನು ಬಿಟ್ಟಿದ್ದೇನೆ, ಹಿತ್ತಲಿನ ಮೂಲೆಯಲ್ಲಿ. ಟೋಕಾಗೆ ಏನಾದರೂ ಆದರೆ ಮನೆಯಲ್ಲೇ ಇನ್ನೊಂದು ಸಂಬಂಧ ಇರಲಿ ಅಂತ. ಈ ಮೇನಲ್ಲಿ ಅದೂ ಮೊದಲ ಸಲ ಹೂ ಬಿಟ್ಟಿತು, ಹನ್ನೊಂದು ಹೂವು.

ಕೊಳ್ಳುವುದಾದರೆ ಎರಡು ಗಿಡದ ದುಡ್ಡು ಇಟ್ಟುಕೊಂಡು ಹೋಗಿ. ಟೋಕಾ ಇಲ್ಲ, ಬೇರೆ ಯಾವುದಾದರೂ ಪ್ಲಮ್ ಆಗುತ್ತೆ ಅಂತ ಅಂಗಡಿಯವರು ಹೇಳಿದರೆ, ಸುಪೀರಿಯರ್ ಅನ್ನೂ ಅಲ್ಲೇ ಬಿಟ್ಟು ಬನ್ನಿ.