ನಾಲಾ ನೀರಿಗೆ ಜೊಂಡೋ, ಖಡಿಯೋ, ತೆಪ್ಪವೋ?

ಕಲಬುರಗಿಯ ಓಣಿಗಳ ಮಳೆನೀರು ಕೆರೆಗೆ ಬೀಳುವ ಮೊದಲು ಅದನ್ನು ತಡೆದು ಸೋಸಲು ಮೂರು ದಾರಿ: ಜೊಂಡು ನೆಟ್ಟ ತೆರೆದ ಮಡಿ, ಖಡಿ (ಜಲ್ಲಿಕಲ್ಲು) ತುಂಬಿದ ಮಡಿ, ಗಿಡ ಹೊತ್ತ ತೇಲುತೆಪ್ಪ. ಮೂರನ್ನೂ ಒಂದೇ ನಾಲಾದ ನೀರಿಗೆ ಹಚ್ಚಿ ನೋಡಿದ ಮೇಲೆ ನಮ್ಮ ಮತ ಜೊಂಡಿಗೆ.

ಫರಸಿ, ಕಾಂಕ್ರೀಟು ಹಾಸಿದ ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆಯಾದರೆ ಸುಮಾರು 80 ಸಾವಿರ ಲೀಟರ್ ನೀರು ಹರಿದು ಬರುತ್ತದೆ. ಅದು ಹೊತ್ತು ತರುವ ಎರೆಮಣ್ಣಿನ ಹೂಳೇ ಖಡಿ ಮಡಿಗೆ ಮುಳುವು. 60 ಸೆಂ.ಮೀ. ಆಳಕ್ಕೆ 10–20 ಮಿ.ಮೀ. ಖಡಿ ತುಂಬಿ ಕಾಬಾಳೆ ನೆಟ್ಟರೆ, ಬೇಸಿಗೆಯಲ್ಲಿ ಸಣ್ಣಗೆ ಹರಿಯುವ ಬಚ್ಚಲು ನೀರನ್ನು ಚಂದ ಸೋಸುತ್ತದೆ. ಮಳೆಗಾಲ ಬಂದರೆ ನೀರು ಒಳಬರುವ ಕಡೆ ಖಡಿ ಕಟ್ಟಿಕೊಳ್ಳುತ್ತದೆ. ಒಂದು ಹಿಡಿ ಎತ್ತಿ ನೋಡಿ: ಕರ್ರಗೆ ಜಿಗುಟು ಹತ್ತಿ, ಕೊಳೆತ ತತ್ತಿಯ ವಾಸನೆ ಬಂದರೆ ಸಂದುಗಳು ತುಂಬಿವೆ. ಆಮೇಲೆ ನೀರು ಒಳಗೆ ಇಳಿಯದೆ ಮೇಲೆಯೇ ಹರಿದುಹೋಗುತ್ತದೆ. ಖಡಿ ಎತ್ತಿ ತೊಳೆಯದೆ ಬೇರೆ ಉಪಾಯವಿಲ್ಲ. ಬೀದರಿನಲ್ಲಿ ಖಡಿಯ ಬದಲು ಜಂಬಿಟ್ಟಿಗೆ ಚೂರು ಹಾಕಿದರೆ ಅದರ ಕಬ್ಬಿಣವು ಪಾಚಿ ಬೆಳೆಸುವ ರಂಜಕವನ್ನು (ಫಾಸ್ಫರಸ್) ಹಿಡಿದಿಡುತ್ತದೆ, ಕಟ್ಟಿಕೊಳ್ಳುವುದು ಮಾತ್ರ ಅಲ್ಲಿಯೂ ತಪ್ಪದು.

ತೆಪ್ಪ ಅಗ್ಗ. ಪಿವಿಸಿ ಪೈಪಿನ ಚೌಕಟ್ಟು, ಬಲೆ, ತೆಂಗಿನ ನಾರು, ಲಾವಂಚ ಇದ್ದರೆ ಸಾಕು. ಆದರೆ ಏಪ್ರಿಲ್‌ನಲ್ಲಿ ನೀರು ಇಳಿದಾಗ ಅದು ಕೆಸರಿನ ಮೇಲೆ ಕೂತು ಬೇರು ತಳಕ್ಕೆ ಹಿಡಿಯುತ್ತದೆ. ಮಳೆಗಾಲದಲ್ಲಿ ನೀರು ಏರಿದರೂ ತೆಪ್ಪ ಏಳುವುದಿಲ್ಲ, ಗಿಡ ಮುಳುಗಿ ಸಾಯುತ್ತದೆ.

ಜೊಂಡಿನ ಮಡಿ ಹೂಳನ್ನು ತಾಳುತ್ತದೆ. ಹಾಗಿದ್ದರೂ ಅದರ ಮುಂದೆ ಒಂದೂವರೆ ಮೀಟರ್ ಆಳದ ಹೂಳುಗುಂಡಿ ಇರಲೇಬೇಕು; ಮಡಿಯ ವಿಸ್ತಾರದ ಹತ್ತನೇ ಒಂದು ಪಾಲು ಸಾಕು. ತಳಕ್ಕೆ ಶಹಾಬಾದಿ ಫರಸಿ ಹಾಸಿ. ಮೇ ತಿಂಗಳಲ್ಲಿ ಹೂಳೆತ್ತುವಾಗ ಬಕೆಟ್ಟಿಗೆ ಕಲ್ಲು ತಾಗಿದರೆ ಜೆಸಿಬಿ ಡ್ರೈವರಿಗೆ ತಳ ಬಂತೆಂದು ಗೊತ್ತಾಗುತ್ತದೆ. ಇಲ್ಲದಿದ್ದರೆ ಹೂಳು ಯಾವುದು, ನೆಲದ ಎರೆಮಣ್ಣು ಯಾವುದು ತಿಳಿಯದು.

ಜೂನ್‌ನಲ್ಲಿ ಜೊಂಡಿನ ಗಡ್ಡೆಗಳನ್ನು ಅರ್ಧ ಮೀಟರಿಗೊಂದರಂತೆ, ನಾಲ್ಕು ಬೆರಳು ನೀರಿನಲ್ಲಿ ನೆಡಿ; ಬೆಳೆದಂತೆ ನೀರನ್ನು 30 ಸೆಂ.ಮೀ.ಗೆ ಏರಿಸಿ. ಮೊದಲೇ ತುಂಬಿಸಿದರೆ ಚಿಗುರು ಕೊಳೆಯುತ್ತದೆ. ಬರೀ ಎರೆಮಣ್ಣಿನ ಬದು ಬೇಸಿಗೆಗೆ ಬಿರಿದು ಮೊದಲ ಮಳೆಗೇ ಸೋರುತ್ತದೆ, ಮೇಲೆ ಒಂದಡಿ ಮೊರಂ (ಗರಸು ಮಣ್ಣು) ಹೊದಿಸಿ ದಮ್ಮಸು ಮಾಡಿ. ಪಕ್ಕದಲ್ಲಿ ಕೋಡಿ ಬಿಡದಿದ್ದರೆ ದೊಡ್ಡ ಮಳೆಗೆ ಜೊಂಡು ಬುಡಸಮೇತ ಕೊಚ್ಚಿಹೋಗುತ್ತದೆ.

ಕೊಯ್ಲನ್ನು ಮಾತ್ರ ತಪ್ಪಿಸಬೇಡಿ. ಸಂಕ್ರಾಂತಿ ಮುಗಿದ ಮೇಲೆ, ನೀರಿಗಿಂತ ಒಂದು ಗೇಣು ಮೇಲೆ ಕೊಯ್ದು ಹೊರಗೆ ಸಾಗಿಸಿ. ಅಲ್ಲೇ ಬಿಟ್ಟರೆ ಗಿಡ ಹೀರಿದ ಸಾರಜನಕ, ರಂಜಕ ಮತ್ತೆ ನೀರಿಗೇ ಸೇರುತ್ತವೆ. ನೀರೊಳಗೆ ಕೊಯ್ದರೆ ಕಾಂಡದಲ್ಲಿ ನೀರು ತುಂಬಿ, ಬೇರಿಗೆ ಗಾಳಿ ಸಿಗದೆ ಗಡ್ಡೆ ಸಾಯುತ್ತದೆ. ಜೊಂಡು ಕೆರೆಯೊಳಗೆ ಹಬ್ಬದಂತೆ ಮಡಿಯ ತುದಿಗೆ ಒಂದೂವರೆ ಮೀಟರ್ ಆಳದ ಕೊಳ ಬಿಡಿ. ಬೇಸಿಗೆಯಲ್ಲಿ ಗಪ್ಪಿ ಮೀನಿಗೂ ಅದೇ ಆಸರೆ. ಮೀನು ಸತ್ತ ಮಡಿಯಲ್ಲಿ ಸೊಳ್ಳೆ ಏಳುತ್ತದೆ, ಆಗ ಓಣಿಯವರೇ ಬಂದು ಮಡಿ ಮುಚ್ಚಿಸುತ್ತಾರೆ.