ಛತ್ರದಲ್ಲಿ ಮಿಕ್ಕ ಊಟಕ್ಕೆ ರಾಬಿನ್ ಹುಡ್ ಆರ್ಮಿ: ಫೋನ್ ಮಾಡಬೇಕಾದದ್ದು ಯಾವಾಗ?

ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತದೆಂದು ಇಲ್ಲಿನ ಕೃಷಿ ವಿಶ್ವವಿದ್ಯಾಲಯ 2012ರಲ್ಲಿ ಲೆಕ್ಕ ಹಾಕಿತ್ತು. ಎಲೆಯಲ್ಲಿ ಬಿಟ್ಟದ್ದು ಎಂಜಲು, ಅದು ಯಾರಿಗೂ ಸಲ್ಲದು. ಕೊಪ್ಪರಿಗೆಯಲ್ಲೇ ಉಳಿದದ್ದಕ್ಕೆ ಮಾತ್ರ ರಾಬಿನ್ ಹುಡ್ ಆರ್ಮಿಯಂಥ ಸೇವೆ.

2014ರಲ್ಲಿ ದೆಹಲಿಯಲ್ಲಿ, ಮಿಕ್ಕ ಊಟ ಹಂಚುವ ಪೋರ್ಚುಗಲ್‌ನ ರೀಫುಡ್ ಸಂಸ್ಥೆಯ ಮಾದರಿಯಲ್ಲಿ ಶುರುವಾದ ಸ್ವಯಂಸೇವಕರ ಬಳಗ ಇದು. ದೇಣಿಗೆ ಹಣ ಮುಟ್ಟುವುದಿಲ್ಲ. ಅದೇ ಇದರ ಗುಣ, ಮಿತಿಯೂ ಅದೇ. 1967ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಕಟ್ಟಿದ ಫುಡ್ ಬ್ಯಾಂಕ್‌ನಂತೆ ಗೋದಾಮಿನಲ್ಲಿ ದಾಸ್ತಾನಿಡುವ ಪದ್ಧತಿ ಇಲ್ಲಿಲ್ಲ. ತಂದದ್ದು ಆಗಲೇ ಹಂಚಿಹೋಗಬೇಕು. ಬರುವವರು ವಿದ್ಯಾರ್ಥಿಗಳು, ಕೆಲಸಕ್ಕೆ ಹೋಗುವವರು. ವಾರದ ನಡುವಿನ ಮಧ್ಯಾಹ್ನ ಜನ ಸಿಗುವುದು ಕಷ್ಟ. ಹಾಗಾಗಿ ಎರಡು ದಿನ ಮೊದಲೇ ತಿಳಿಸಿಟ್ಟು, ಕೊನೆಯ ಪಂಕ್ತಿಗೆ ಎಲೆ ಹಾಕುವಾಗಲೇ ಖಚಿತಪಡಿಸಿ. ಕೈತೊಳೆದು ತಾಂಬೂಲ ಕೊಟ್ಟ ಮೇಲೆ ನೆನಪಾದರೆ ಹೊತ್ತು ಮೀರಿರುತ್ತದೆ.

ತೊಂದರೆ ಹೆಚ್ಚಾಗಿ ಅನ್ನದ್ದೇ. 60 ಡಿಗ್ರಿಗಿಂತ ಕೆಳಗೆ, 5 ಡಿಗ್ರಿಗಿಂತ ಮೇಲೆ ಇರುವ ಹೊತ್ತೆಲ್ಲ ರೋಗಾಣುಗಳಿಗೆ ಹಬ್ಬ. ರಾಶಿ ಹಾಕಿದ ಅನ್ನ ಹೊರಗೆ ತಣ್ಣಗಾದರೂ ಒಳಗೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಎರಡು ಗಂಟೆಯೊಳಗೆ ಯಾರದಾದರೂ ತಟ್ಟೆ ಸೇರುವಂತಿದ್ದರೆ ಮಾತ್ರ ಕಳಿಸಿ. ಹುಳಿಯನ್ನು ಅನ್ನಕ್ಕೆ ಕಲಸಬೇಡಿ, ಕುದಿಸಿ ಬೇರೆ ಪಾತ್ರೆಯಲ್ಲಿ ಕೊಡಿ. ಪಂಕ್ತಿಯಲ್ಲಿ ಓಡಾಡಿದ ಬಕೆಟ್ಟಿನದನ್ನು ಕೊಪ್ಪರಿಗೆಗೆ ಮರಳಿ ಸುರಿಯುವ ಚಾಳಿ ಅಡುಗೆಯವರಿಗಿದೆ, ಮೊದಲೇ ತಡೆಯಿರಿ. ಕೋಸಂಬರಿ, ಕಾಯಿಚಟ್ನಿ, ಮಜ್ಜಿಗೆಹುಳಿ ಬಿಟ್ಟುಬಿಡಿ. ತೆಂಗಿನ ತುರಿ ಬಿದ್ದದ್ದು ಎಲ್ಲಕ್ಕಿಂತ ಮೊದಲು ಹಳಸುತ್ತದೆ. ಮೈಸೂರುಪಾಕು, ಚಿರೋಟಿಗೆ ಈ ಅವಸರವಿಲ್ಲ.

ಫೋನಿನಲ್ಲಿ "ತುಂಬಾ ಇದೆ" ಎಂದರೆ ಅವರಿಗೆ ಏನೂ ತಿಳಿಯದು. ತಲೆಗೆ 300 ಗ್ರಾಂ ಹಿಡಿದರೆ 20 ಕೆಜಿ ಅನ್ನ ಸುಮಾರು 65 ಜನಕ್ಕೆ. ಈ ಲೆಕ್ಕದಲ್ಲಿ ಹೇಳಿ. ಸಸ್ಯಾಹಾರವೋ ಮಾಂಸಾಹಾರವೋ, ಒಲೆಯಿಂದ ಇಳಿಸಿದ್ದು ಎಷ್ಟು ಗಂಟೆಗೆ ಎಂಬುದನ್ನು ಚೀಟಿ ಬರೆದು ಪಾತ್ರೆಗೆ ಅಂಟಿಸಿ. ಹಂಚಿಕೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2019ರ ನಿಯಮಗಳೂ ಇವೆ. ಪಾತ್ರೆಯ ಗೊಡವೆ ಬೇರೆ: ಕ್ಯಾಟರಿಂಗ್‌ನವರು ತಮ್ಮದನ್ನು ಬಿಟ್ಟುಹೋಗುವುದಿಲ್ಲ. ಮುಚ್ಚಳವಿರುವ ನಾಲ್ಕು ಸ್ಟೀಲ್ ಡಬ್ಬಿ ಬಾಡಿಗೆಗೆ ತಂದಿಟ್ಟರೆ ಅರ್ಧ ಗಂಟೆ ಉಳಿದೀತು.

ಮಧ್ಯಾಹ್ನದ ಮುಹೂರ್ತದ ಊಟದ ಮಟ್ಟಿಗೆ ಈ ಸೇವೆಗೆ ಐದಕ್ಕೆ ನಾಲ್ಕು ಅಂಕ. ರಾತ್ರಿ ಆರತಕ್ಷತೆಗೆ ಎರಡೇ: ಎಂಟಕ್ಕೆ ಉಂಡು ಮಲಗಿದ ಅನಾಥಾಶ್ರಮದ ಮಕ್ಕಳನ್ನು ಹನ್ನೊಂದಕ್ಕೆ ಎಬ್ಬಿಸಿ ಬಿಸಿಬೇಳೆಬಾತ್ ಬಡಿಸಲು ಯಾವ ವಾರ್ಡನ್ ಒಪ್ಪುತ್ತಾರೆ?