ಮಲ್ಲೇಶ್ವರದಲ್ಲಿ ಹನ್ನೊಂದು ತಿಂಗಳು, ಆಮೇಲೆ ಬಸವನಗುಡಿ

ಬೆಂಗಳೂರಿನಲ್ಲಿ ಮನೆ ಮಾಡೋಕೆ ಮಲ್ಲೇಶ್ವರ ವಾಸಿಯೋ ಬಸವನಗುಡಿಯೋ ಎಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬಸವನಗುಡಿಗೆ. ಮಲ್ಲೇಶ್ವರದಲ್ಲಿ ಹನ್ನೊಂದು ತಿಂಗಳು ಬಾಡಿಗೆಗಿದ್ದು, ಅಗ್ರಿಮೆಂಟು ಮುಗಿದ ವಾರವೇ ಗಂಟುಮೂಟೆ ಕಟ್ಟಿದವನು ನಾನು.

ಎರಡೂ ಹೆಚ್ಚುಕಮ್ಮಿ ಒಂದೇ ವಯಸ್ಸಿನ ಬಡಾವಣೆಗಳು. ಇಕ್ಕಟ್ಟಾಗಿದ್ದ ಪೇಟೆಯ ಆಚೆ 1890ರ ದಶಕದಲ್ಲಿ ಎದ್ದವು. 1898ರಲ್ಲಿ ಪ್ಲೇಗು ಬಂದ ಮೇಲೆ ಪೇಟೆ ಬಿಟ್ಟು ಈ ಕಡೆ ಬಂದವರು ಜಾಸ್ತಿ. ಹೆಸರೂ ಎರಡಕ್ಕೂ ದೇವರದ್ದೇ, ಅಲ್ಲಿ ಕಾಡು ಮಲ್ಲೇಶ್ವರ, ಇಲ್ಲಿ ದೊಡ್ಡ ಬಸವಣ್ಣ. ಕಾಡು ಮಲ್ಲೇಶ್ವರನಿಗೆ ಶಿವಾಜಿಯ ಮಲತಮ್ಮ ಏಕೋಜಿ ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟ 1669ರ ಶಾಸನವಿದೆ. ಹಳೆತನದ ಲೆಕ್ಕದಲ್ಲಿ ಮಲ್ಲೇಶ್ವರವನ್ನು ಹಗುರವಾಗಿ ಕಾಣುವಂತಿಲ್ಲ.

ನನ್ನನ್ನು ಓಡಿಸಿದ್ದು ಒನ್‌ವೇ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಅಕ್ಕಪಕ್ಕ ಸಾಗುತ್ತವೆ. ಮಾರ್ಗೋಸಾ ಅಂದರೆ ಬೇವು. ಒಂದು ಕಡೆ ಸಂಪಿಗೆ, ಒಂದು ಕಡೆ ಬೇವು, ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಒಂದು ಹೋಗೋಕೆ, ಇನ್ನೊಂದು ಬರೋಕೆ. ನಮ್ಮ ಮನೆ ಹನ್ನೊಂದನೇ ಕ್ರಾಸಿನಲ್ಲಿತ್ತು, ತರಕಾರಿ ಎಂಟನೇ ಕ್ರಾಸಿನಲ್ಲಿ. ಮೂರು ಕ್ರಾಸು, ಎಷ್ಟು ಹೊತ್ತು ಎನ್ನುತ್ತೀರಿ. ಅಮ್ಮನಿಗೆ ಮೊಣಕಾಲು ನೋವು, ಸ್ಕೂಟರಿನ ಹಿಂದೆ ಕೂರಿಸಿಕೊಂಡೇ ಹೋಗಬೇಕು. ಒಂದು ತಿರುವು ತಪ್ಪಿತೋ, ಇಡೀ ಸುತ್ತು ಹೊಡೆದು ಬರಬೇಕು.

ಗೌರಿ ಹಬ್ಬದ ಹಿಂದಿನ ಸಂಜೆಯಂತೂ ಮರೆಯುವ ಹಾಗಿಲ್ಲ. ಹೂವು, ಬಾಳೆಕಂದು, ಜನ. ಎಲ್ಲ ತಗೊಂಡು ಮನೆ ಹತ್ತಿರ ಬಂದಾಗ ಅಮ್ಮ, "ಲೋ, ವೀಳ್ಯದೆಲೆ ಮರೆತೆ ಕಣೋ" ಎಂದರು. ಮತ್ತೊಂದು ಸುತ್ತು. ನಲವತ್ತು ನಿಮಿಷ! ವೀಳ್ಯದೆಲೆಗೆ. ಇನ್ನೊಂದು ದಿನ ತಾಳ್ಮೆ ಕೆಟ್ಟು ಎದುರು ದಿಕ್ಕಿಗೆ ನುಗ್ಗಿದೆ, ದಂಡ ಕಟ್ಟಿದೆ. ಅದು ನನ್ನದೇ ತಪ್ಪು, ಬಿಡಿ.

ಈಗಿನ ಮನೆಯಿಂದ ಗಾಂಧಿಬಜಾರು ಐದು ನಿಮಿಷ. ಅಮ್ಮ ಚೀಲ ಹಿಡಿದು ನಿಧಾನಕ್ಕೆ ತಾವೇ ಹೋಗಿಬರುತ್ತಾರೆ. ನಾನು ಬೆಳಿಗ್ಗೆ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಒಂದು ಸುತ್ತು ಹಾಕುತ್ತೇನೆ, ಸಂಜೆ ವರ್ಲ್ಡ್ ಕಲ್ಚರ್ ಸಂಸ್ಥೆಯಲ್ಲಿ ಉಪನ್ಯಾಸವಿದ್ದರೆ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಬಾಡಿಗೆಯಲ್ಲಿ ತಿಂಗಳಿಗೆ ಮೂರು ಸಾವಿರ ಉಳಿಯಿತು. ನಮಗೆ ಸಿಕ್ಕಿದ್ದು ಹಳೇ ವಠಾರದ ಮನೆ, ಗೋಡೆಗೆ ಸ್ವಲ್ಪ ತೇವ. ನಡೆಯುತ್ತೆ.

ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ. ಸ್ಕೂಟರ್ ಹೊರಗೆ ತೆಗೆಯುವ ಮಾತೇ ಇಲ್ಲ, ಪೀಪಿ ಸದ್ದಿಗೆ ನಿದ್ದೆಯೂ ಇಲ್ಲ. ಆದರೂ ನನಗೆ ಬೇಸರವಾಗಲಿಲ್ಲ. ಅಮ್ಮ ಐದು ಸೇರು ಕಾಯಿ ತಂದು ವಾರವಿಡೀ ಬೇಯಿಸಿದರು.

ರೈಲು? ಮಲ್ಲೇಶ್ವರಕ್ಕೆ ತನ್ನದೇ ಸ್ಟೇಷನ್ ಇದೆ. ತುಮಕೂರಿಗೆ ಓಡಾಡುವವರು ಅಲ್ಲೇ ಇರಿ.

ದೋಸೆಯಲ್ಲಿ ಮಾತ್ರ ನಾನು ಪಕ್ಷಾಂತರಿ. 1943ರಿಂದ ಇರುವ ಗಾಂಧಿಬಜಾರಿನ ವಿದ್ಯಾರ್ಥಿ ಭವನ ಹೋಟೆಲು ಶುಕ್ರವಾರ ಬಾಗಿಲು ಹಾಕುತ್ತದೆ. ನನ್ನ ವಾರದ ರಜೆಯೂ ಶುಕ್ರವಾರವೇ. ಹಾಗಾಗಿ ಅವತ್ತು ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೋ ಹತ್ತಿ, ಸಂಪಿಗೆ ರಸ್ತೆಯಲ್ಲಿ ಇಳಿದು, ಮಲ್ಲೇಶ್ವರದ ಸಿಟಿಆರ್ ಹೋಟೆಲಿನ ಬೆಣ್ಣೆ ದೋಸೆಗೆ ನಡೆದು ಹೋಗುತ್ತೇನೆ. ಸ್ಕೂಟರ್ ಮನೆಯಲ್ಲೇ.